‘ಗ್ರೌಂಡ್ ಮಾಡಿದ್ರು’ ಅನ್ನೋದಕ್ಕೆ ಏನಂತೀರಿ?

ಎಲ್ರಿಗೂ ನಮಸ್ಕಾರ. ಅಲನ್ ಶೆಪರ್ಡ್ ಬಗ್ಗೆ ಒಂದು ಸಣ್ಣ ಲೇಖನ ಬರೀತಿದೀನಿ, ಒಂದು ಕ್ರಿಯಾಪದದ ಹತ್ರ ಬಂದು ಗಾಡಿ ನಿಂತಿದೆ.

1961ರ ಮೇ 5ಕ್ಕೆ ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್ ಈತ, ಹಾರಾಟ ಬರೀ ಹದಿನೈದು ನಿಮಿಷದ್ದು. ಆಮೇಲೆ ನಾಸಾದ ಇಬ್ಬರು ಕೂರೋ ನೌಕೆ ಜೆಮಿನಿಯಲ್ಲಿ ಮನುಷ್ಯರು ಹೋಗೋ ಮೊದಲ ಯಾನಕ್ಕೂ ಇವನೇ ಕಮಾಂಡರ್ ಅಂತ ಆಗಿತ್ತು, ಅಷ್ಟರಲ್ಲಿ ಮೆನಿಯೇರ್ ಕಾಯಿಲೆ ಅಂಟ್ಕೊಳ್ತು, ಕಿವಿಯ ಒಳಭಾಗದ್ದು, ಇದ್ದಕ್ಕಿದ್ದ ಹಾಗೆ ತಲೆ ಗಿರ್ರಂತ ತಿರುಗೋದು, ವಾಂತಿ, ಕಿವೀಲಿ ಗುಂಯ್ ಅನ್ನೋ ಸದ್ದು. ಸರಿ, ಗ್ರೌಂಡ್ ಮಾಡಿದ್ರು, ಅಂದ್ರೆ ಆರೋಗ್ಯ ಸರಿಯಿಲ್ಲ, ಹಾರೋ ಹಾಗಿಲ್ಲ ಅಂದ್ರು, ಸೀಟು ಇನ್ನೊಬ್ಬ ಗಗನಯಾತ್ರಿ ಗಸ್ ಗ್ರಿಸಂ ಪಾಲಾಯ್ತು.

ಈ ‘ಗ್ರೌಂಡ್ ಮಾಡಿದ್ರು’ ಜಾಗಕ್ಕೆ ಏನು ಹಾಕ್ಲಿ? ‘ನೆಲಕ್ಕಿಳಿಸಿದರು’ ಅಂದ್ರೆ ಹಾರ್ತಿದ್ದೋನನ್ನ ಆಗಲೇ ಲ್ಯಾಂಡ್ ಮಾಡಿಸಿದ ಹಾಗಿದೆ. ‘ನೆಲಕಚ್ಚಿಸಿದರು’ ಬೇಡವೇ ಬೇಡ, ಮೂರೇ ದಿನಕ್ಕೆ ಎತ್ತಂಗಡಿಯಾದ ಸಿನಿಮಾ ನೆನಪಾಗುತ್ತೆ. ‘ಅಮಾನತು’ ಅಂದ್ರೆ ಏನೋ ತಪ್ಪು ಮಾಡಿ ಸಿಕ್ಕಿಬಿದ್ದ ಅಂತಾರೆ. ‘ಮೂಲೆಗುಂಪು’ ಅಂತೂ ಪೂರ್ತಿ ಉಲ್ಟಾ, ಯಾಕಂದ್ರೆ 1963ರ ಕೊನೇಲಿ ಇವನನ್ನ ಗಗನಯಾತ್ರಿಗಳ ಆಫೀಸಿಗೇ ಮುಖ್ಯಸ್ಥ ಮಾಡಿದ್ರು.

ಸದ್ಯಕ್ಕೆ ನಂಗೆ ಹಿಡಿಸಿರೋದು ‘ಹಾರಾಟ ಬಿಡಿಸಿದರು’, ಸ್ಕೂಲು ಬಿಡಿಸಿದ್ರು ಅಂತೀವಲ್ಲ ಹಾಗೆ. ಆದ್ರೆ ಇದಕ್ಕೂ ಎರಡು ತಕರಾರಿದೆ. ಇವನ ಜೊತೆಯ ಗಗನಯಾತ್ರಿ ಡೀಕ್ ಸ್ಲೇಟನ್‌ಗೆ 1962ರಲ್ಲಿ ಎದೆಬಡಿತ ಏರುಪೇರು ಅಂತ ಬಾಹ್ಯಾಕಾಶಯಾನ ತಪ್ಪಿಸಿದ್ರು, ಆದ್ರೂ ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇದ್ರೆ ಜೆಟ್ ಓಡಿಸಬಹುದಿತ್ತು, ಒಬ್ಬನೇ ಹೋಗೋ ಹಾಗಿರ್ಲಿಲ್ಲ ಅಷ್ಟೇ. ಅದನ್ನ ಬಿಡಿಸಿದ್ದು ಅನ್ನೋಕಾಗುತ್ತಾ? ಇನ್ನೊಂದು, ಇದು ಶಾಶ್ವತ ಅಲ್ಲ. ಶೆಪರ್ಡ್ 1968ರಲ್ಲಿ ಕಿವಿ ಆಪರೇಷನ್ ಮಾಡಿಸ್ಕೊಂಡ, ಮರುವರ್ಷ ಪರ್ಮಿಷನ್ ಸಿಕ್ತು, 1971ರ ಫೆಬ್ರವರೀಲಿ ಅಪೊಲೊ 14ರ ಕಮಾಂಡರ್ ಆಗಿ 47ನೇ ವಯಸ್ಸಲ್ಲಿ ಚಂದ್ರನ ಮೇಲಿಳಿದ, ಮಣ್ಣು ತೆಗೆಯೋ ಸಲಕರಣೆಯ ಹಿಡಿಗೆ ಗಾಲ್ಫ್ ಕೋಲಿನ ತಲೆ ಸಿಗಿಸಿ ಎರಡು ಚೆಂಡು ಬೇರೆ ಹೊಡೆದ, ದಪ್ಪ ಸೂಟಿನಿಂದಾಗಿ ಒಂದೇ ಕೈಲಿ! ಸ್ಲೇಟನ್ ಸರದಿ ಬಂದಿದ್ದು 1975ಕ್ಕೆ.

‘ಗ್ರೌಂಡ್’ ಅಂತಲೇ ಬಿಡೋಣ ಅಂದ್ರೆ ನಮ್ಮಲ್ಲಿ ಗ್ರೌಂಡ್ ಅಂದ್ರೆ ಆಟದ ಮೈದಾನ. ಬೆಂಗಳೂರಲ್ಲಿ ಏರ್‌ಫೋರ್ಸ್ ಕಡೆ ಕೆಲಸ ಮಾಡಿದೋರು ಇಲ್ಲಿದ್ರೆ ಹೇಳಿ, ನಿಮ್ಮ ಕನ್ನಡದ ಸಹೋದ್ಯೋಗಿಗಳು ಮಾತಲ್ಲಿ ಇದಕ್ಕೆ ಏನಂತಿದ್ರು? ಶೀರ್ಷಿಕೆಗೆ ನಾಮಪದನೂ ಬೇಕು, ‘ಹಾರಾಟತಡೆ’ ಅಂದ್ರೆ ವಿಮಾನಕ್ಕೆ ಹಾಕಿದ ತಡೆ ಅಂದ್ಕೋತಾರಾ?