ಅಪ್‌ಡೇಟ್: ಪಿಸಿಓಎಸ್ ಜೊತೆ ಮೈಗ್ರೇನ್, ಕೊನೆಗೆ ಆರಿಸಿದ್ದು ಹಾರ್ಮೋನ್ ಐಯುಡಿ

ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಮುಟ್ಟು ಸರಿಯಾಗಿ ಬಾರದ ಸಮಸ್ಯೆ) ಇದೆ, ಸದ್ಯಕ್ಕೆ ಮಗು ಬೇಡ, ಯಾವ ಗರ್ಭನಿರೋಧಕ ಆದೀತು ಅಂತ ಕೇಳಿದ್ದೆ ಅಲ್ವಾ? ಜಾಸ್ತಿ ಜನ ಹೇಳಿದ್ದು ಈಸ್ಟ್ರೋಜನ್, ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನಿನ ಮಾತ್ರೆ. ಮುಟ್ಟು, ಮೊಡವೆ ಎರಡಕ್ಕೂ ಒಳ್ಳೆಯದು, ನಿಜ. ಆದರೆ ನನಗೆ ತಲೆನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕಾಗಿ ಬೆಳಕು ಮಿನುಗುತ್ತದೆ. ಅದನ್ನು ಕೇಳಿದ್ದೇ ಡಾಕ್ಟರ್ ಬೇಡ ಎಂದರು. ಇಂಥ ಮೈಗ್ರೇನ್ ಇದ್ದರೆ ಈಸ್ಟ್ರೋಜನ್‌ನಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚಂತೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ, ಹಾರ್ಮೋನ್ ಇಲ್ಲದ ಗರ್ಭನಿರೋಧಕ ಛಾಯಾ ಮಾತ್ರೆಯನ್ನೂ ಪಿಸಿಓಎಸ್ ಇದ್ದವರಿಗೆ ಕೊಡುವುದಿಲ್ಲ.

ಒಬ್ಬರು ಸೂಚಿಸಿದ್ದ ಲೆವೊನೋರ್ಜೆಸ್ಟ್ರೆಲ್ ಐಯುಡಿ ಹಾಕಿಸಿಕೊಂಡೆ. ಇದು ಗರ್ಭಕೋಶದೊಳಗೆ ಇಡುವ ಸಣ್ಣ ಸಾಧನ, ಪ್ರೊಜೆಸ್ಟಿನ್ ಮಾತ್ರ ಬಿಡುತ್ತದೆ, ಈಸ್ಟ್ರೋಜನ್ ಇಲ್ಲ. ಸೂಚಿಸಿದವರಿಗೆ ತುಂಬಾ ಥ್ಯಾಂಕ್ಸ್. ಹಾಕುವಾಗ ಜೋರು ನೋವಾಯಿತು, ಈಗಲೂ ಸ್ವಲ್ಪ ಸ್ಪಾಟಿಂಗ್ (ಮಧ್ಯೆ ಮಧ್ಯೆ ರಕ್ತದ ಕಲೆ) ಇದೆ. ಮೊಡವೆ ಹಾಗೇ ಇದೆ. ಆದರೆ ಮುಟ್ಟು ತಪ್ಪುತ್ತಿದ್ದರೂ ಗರ್ಭಕೋಶದ ಒಳಪದರ ದಪ್ಪವಾಗದಂತೆ ಕಾಯುತ್ತದೆ, ನನಗೆ ಅದೇ ಮುಖ್ಯ.

ಆಶ್ಚರ್ಯವಾದದ್ದು ಇದು: ಪಿಸಿಓಎಸ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯಿಂದ ಅಂಡೋತ್ಪತ್ತಿ ಮತ್ತೆ ಶುರುವಾಗಬಹುದು. ಹಾಗಾಗಿ ಮುಟ್ಟು ಬಾರದಿದ್ದರೂ ಗರ್ಭ ನಿಲ್ಲಬಹುದು.