ಸಹಾಯ ಬೇಕು: ಕೈದಿಗಳಿಗೆ ಗೋಪ್ಯತೆಯ ಮಾತು ಎಷ್ಟರ ಮಟ್ಟಿಗೆ ಕೊಡಬಹುದು?

ಎಲ್ಲರಿಗೂ ನಮಸ್ಕಾರ. ಅಪರಾಧಶಾಸ್ತ್ರದಲ್ಲಿ ಎಂ.ಎ. ಪ್ರಬಂಧಕ್ಕಾಗಿ, ಕಳ್ಳತನಕ್ಕೆ ಶಿಕ್ಷೆ ಅನುಭವಿಸುತ್ತಿರುವವರನ್ನು ಸಂದರ್ಶಿಸಬೇಕಿದೆ. ಪೊಲೀಸ್ ದಾಖಲೆಗೆ ಬಾರದ ಕಳ್ಳತನಗಳೇ ನನ್ನ ವಿಷಯ. ಕಳೆದುಕೊಂಡವರ ಸಮೀಕ್ಷೆಯಿಂದ ಎಷ್ಟು ನಡೆದಿದೆ ಅಂತ ಅಂದಾಜು ಸಿಗುತ್ತದೆ. ಹೇಗೆ, ಯಾಕೆ ಅನ್ನೋದು ಮಾಡಿದವರ ಬಾಯಿಂದಲೇ ಬರಬೇಕು, ಅಲ್ವಾ?

ಸಿಕ್ಕಿಹಾಕಿಕೊಂಡಿರುವುದು ಸಂದರ್ಶನಕ್ಕೆ ಮುಂಚೆ ಕೈದಿಗಳಿಗೆ ಕೊಡುವ ಒಪ್ಪಿಗೆ ಪತ್ರದ ಒಂದೇ ಸಾಲಿನಲ್ಲಿ. ವಿಭಾಗದ ಮಾದರಿ ಪತ್ರದಲ್ಲಿ ‘ನೀವು ಹೇಳಿದ್ದು ಸಂಪೂರ್ಣ ಗೋಪ್ಯ’ ಎಂದಿದೆ. ಆದರೆ ಕೋರ್ಟ್ ಕೇಳಿದರೆ? ಅಮೆರಿಕದಲ್ಲಿ 1993ರಲ್ಲಿ ರಿಕ್ ಸ್ಕಾರ್ಸ್ ಎಂಬ ಸಂಶೋಧಕ ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಮುಂದೆ ಗೋಪ್ಯ ಮಾಹಿತಿ ಬಿಟ್ಟುಕೊಡದೆ 159 ದಿನ ಜೈಲಿನಲ್ಲಿದ್ದರು. ಅಷ್ಟು ದೊಡ್ಡ ಮಾತನ್ನು ಸುಮ್ನೆ ಅಚ್ಚು ಹಾಕಿ ಕೊಡಲು ನನಗೆ ಮನಸ್ಸಿಲ್ಲ.

ಹೆಸರಿನ ಬದಲು ಸಂಕೇತ ಇಟ್ಟಿದ್ದೇನೆ. ರೆಕಾರ್ಡಿಂಗ್ ಬಿಟ್ಟಿದ್ದೇನೆ. ತಾರೀಖು, ಜಾಗ, ಜೊತೆಗಾರರ ಹೆಸರು ಕೇಳುವ ಪ್ರಶ್ನೆಗಳನ್ನೂ ತೆಗೆದಿದ್ದೇನೆ. ಹಳೆಯ ಕಳ್ಳತನಗಳ ಮಟ್ಟಿಗೆ ಇದು ಸಾಕು ಅನ್ನಿಸುತ್ತದೆ.

ಗೊಂದಲ ಮುಂದೆ ನಡೆಯಬಹುದಾದ ಅಪರಾಧದ ಬಗ್ಗೆ. ಮಾತಿನ ನಡುವೆ ಒಬ್ಬರು, ‘ಹೊರಗೆ ಹೋದ ಮೇಲೆ ಇಂಥವನನ್ನು ಬಿಡಲ್ಲ’ ಎಂದರೆ ಏನು ಮಾಡಲಿ? ಇಂಥ ಬೆದರಿಕೆಯನ್ನು ಗೋಪ್ಯವಾಗಿಡಲಾರೆ ಎಂಬ ಮಿತಿಯನ್ನು ಮೊದಲೇ ಹೇಳಿದರೆ ಕೆಲವರು ಬಾಯೇ ಬಿಡಲಿಕ್ಕಿಲ್ಲ. ಹೇಳದೆ ಆಮೇಲೆ ಅಧಿಕಾರಿಗಳಿಗೆ ತಿಳಿಸಿದರೆ ನಂಬಿದವರಿಗೆ ದ್ರೋಹ. ಜೈಲಿನಲ್ಲಿರುವವರಿಗೆ ‘ಬೇಡ’ ಅನ್ನುವುದೇ ಕಷ್ಟ, ಅದಕ್ಕೇ ಈ ಚಿಂತೆ ಜಾಸ್ತಿ.

ಇಂಥ ಸಂದರ್ಶನ ಮಾಡಿದವರು ದಯವಿಟ್ಟು ತಿಳಿಸಿ: ಗೋಪ್ಯತೆಯ ಮಿತಿಯನ್ನು ಒಪ್ಪಿಗೆ ಪತ್ರದಲ್ಲಿ ಯಾವ ಮಾತುಗಳಲ್ಲಿ ಬರೆದಿರಿ? ಅದನ್ನು ಓದಿದ ಮೇಲೂ ಜನ ಮುಕ್ತವಾಗಿ ಮಾತಾಡಿದರೇ?