ಅಜ್ಜಿಯ ಕೊರಳಿನ ‘ಸುರುಪ’: ಈ ಪದ ಎಲ್ಲಿಂದ ಬಂತು?

ನಮಸ್ಕಾರ.

ನನ್ನ ಅಜ್ಜಿ ಹಾಸನ ಸೀಮೆಯ ಕ್ರೈಸ್ತ ಮನೆಯವರು. ಅವರ ಕೊರಳಲ್ಲಿ ಕರಿ ದಾರಕ್ಕೆ ಕಟ್ಟಿದ ಪುಟ್ಟದೊಂದು ಬಿಲ್ಲೆ ಇರುತ್ತಿತ್ತು. ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದು, ಮೊಟ್ಟೆಯ ಆಕಾರ. ಅದಕ್ಕೆ ಅವರು ‘ಸುರುಪ’ ಅನ್ನುತ್ತಿದ್ದರು. ನಾವು ಪರೀಕ್ಷೆಗೆ ಹೊರಟರೆ ‘ಸುರುಪ ಮುಟ್ಟಿ ಹೋಗು’ ಅಂತ ಬಗ್ಗಿ ನಿಲ್ಲುತ್ತಿದ್ದರು. ಈಗ ಅದು ನನ್ನ ಹತ್ತಿರ ಇದೆ. ಆ ಪದ ಮಾತ್ರ ನಮ್ಮ ಮನೆಯಲ್ಲೂ ಯಾರ ಬಾಯಲ್ಲೂ ಉಳಿದಿಲ್ಲ. ಅದಕ್ಕೇ ಈ ಓಲೆ.

ಮೊದಲು ವಸ್ತು ಯಾವುದು ಅಂತ ಹೇಳಿಬಿಡುತ್ತೇನೆ. ಬಿಲ್ಲೆಯ ಮೇಲೆ 1830 ಅಂತ ಸ್ಪಷ್ಟವಾಗಿದೆ. ಹಾಗಾಗಿ ಇದು ಸುಮಾರು ಇನ್ನೂರು ವರ್ಷದ ಹಳೇ ಬೆಳ್ಳಿ ಅಂತಲೇ ಮನೆಯವರೆಲ್ಲ ನಂಬಿದ್ದರು. ಸುತ್ತಲಿನ ಅಕ್ಷರ ಸವೆದು ಹೋಗಿತ್ತು. ಒಂದು ದಿನ ತೆಳು ಕಾಗದ ಮೇಲಿಟ್ಟು ಪೆನ್ಸಿಲಿನಿಂದ ಮೆಲ್ಲಗೆ ಉಜ್ಜಿದೆ. ಕಣ್ಣಿಗೆ ಕಾಣದ್ದು ಕಾಗದದಲ್ಲಿ ಮೂಡಿತು. ಫ್ರೆಂಚ್ ಮಾತು: ‘ಓ ಮರೀ ಕೊಂಸ್ಯೂ ಸಾಂ ಪೆಶೆ...’ ಕನ್ನಡದಲ್ಲಿ ಹೇಳುವುದಾದರೆ, ‘ಪಾಪವಿಲ್ಲದೆ ಗರ್ಭದಲ್ಲಿ ಮೂಡಿದ ಮರಿಯಳೇ, ನಿನ್ನ ಮೊರೆಹೊಕ್ಕ ನಮಗಾಗಿ ಬೇಡಿಕೋ’. ಹಿಂಬದಿಯಲ್ಲಿ ಎಂ ಅಕ್ಷರ, ಅದರ ಮೇಲೆ ಶಿಲುಬೆ, ಕೆಳಗೆ ಎರಡು ಹೃದಯ, ಸುತ್ತ ಹನ್ನೆರಡು ನಕ್ಷತ್ರ. ಒಂದು ಹೃದಯಕ್ಕೆ ಮುಳ್ಳಿನ ಸುತ್ತು, ಇನ್ನೊಂದಕ್ಕೆ ಚುಚ್ಚಿದ ಕತ್ತಿ.

ಇಷ್ಟು ಸಿಕ್ಕಿದ ಮೇಲೆ ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. 1830ರಲ್ಲಿ ಪ್ಯಾರಿಸ್ಸಿನ ರ‍್ಯೂ ದ್ಯು ಬಾಕ್ ಬೀದಿಯ ಮಠದಲ್ಲಿ ಕ್ಯಾಥರೀನ್ ಲಬೂರೆ ಎಂಬ ಕನ್ಯಾಸ್ತ್ರೀಗೆ ಮಾತೆ ಮರಿಯಳ ದರ್ಶನವಾಯಿತು, ಈ ಚಿತ್ರವನ್ನು ಅಚ್ಚು ಹಾಕಿಸು ಅಂತ ಮಾತೆಯೇ ಹೇಳಿದರು ಅನ್ನುವುದು ನಂಬಿಕೆ. ಮೊದಲ ಬಿಲ್ಲೆಗಳು ತಯಾರಾದದ್ದು 1832ರಲ್ಲಿ. ಆ ವರ್ಷ ಪ್ಯಾರಿಸ್ಸಿನಲ್ಲಿ ಕಾಲರಾ. ಸಿಸ್ಟರುಗಳು ರೋಗಿಗಳಿಗೆ ಇದನ್ನು ಹಂಚಿದರು. ವಾಸಿಯಾದವರು ‘ಪವಾಡದ ಪದಕ’ ಅಂತ ಕರೆದರು, ಆ ಹೆಸರೇ ನಿಂತಿತು.

ಅಂದರೆ 1830 ಅನ್ನುವುದು ದರ್ಶನದ ವರ್ಷ. ಆಮೇಲೆ ಯಾವಾಗ ಅಚ್ಚು ಹಾಕಿದರೂ ಅದೇ ವರ್ಷ ಹಾಕುತ್ತಾರೆ, ಇವತ್ತೂ ಹಾಕುತ್ತಾರೆ. ನಮ್ಮದು ಅಂಗೈಯಲ್ಲಿ ಇಟ್ಟರೆ ಒಣ ಎಲೆಯ ಹಾಗೆ ಹಗುರ. ಬೆಳ್ಳಿ ಅಲ್ಲ, ಅಲ್ಯೂಮಿನಿಯಂ. 1830ರಲ್ಲಿ ಅಲ್ಯೂಮಿನಿಯಂ ಪ್ರಯೋಗಶಾಲೆ ಬಿಟ್ಟು ಹೊರಗೆ ಬಂದಿರಲೇ ಇಲ್ಲ. 1886ರಲ್ಲಿ ಕರೆಂಟು ಹಾಯಿಸಿ ಅದನ್ನು ತೆಗೆಯುವ ದಾರಿ ಸಿಕ್ಕಿದ ಮೇಲೆ ಅಗ್ಗವಾಯಿತು, ಬಡವರ ಕೊರಳಿಗೂ ಬಂತು. ಮೈಸೂರು ಸೀಮೆಯಲ್ಲಿ ಬಹುಕಾಲ ಇದ್ದವರು ಫ್ರೆಂಚ್ ಪಾದ್ರಿಗಳು. ಹೇಮಾವತಿ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿ ಚರ್ಚು ಕಟ್ಟಿಸಿದ್ದೂ ಅವರೇ. ಹಾಗಾಗಿ ಹಾಸನದ ಅಜ್ಜಿಯ ಕೊರಳಲ್ಲಿ ಫ್ರೆಂಚ್ ಅಕ್ಷರ ಕಂಡದ್ದು ನನಗೆ ಆಶ್ಚರ್ಯ ಅನ್ನಿಸಲಿಲ್ಲ. ಬೆಳ್ಳಿ ಅಲ್ಲ ಅಂದಾಗ ಅಮ್ಮನಿಗೆ ಬೇಜಾರಾಯಿತು. ನನಗೆ ಮಾತ್ರ ಅದರ ಮೇಲೆ ಪ್ರೀತಿ ಜಾಸ್ತಿಯೇ ಆಯಿತು. ಮರಿಯಳ ಮುಖ ಇರಬೇಕಾದ ಜಾಗ ನುಣ್ಣಗೆ ಬೋಳಾಗಿದೆ. ಅಜ್ಜಿಯ ಹೆಬ್ಬೆರಳು ಓಡಾಡಿದ ಜಾಗ ಅದು.

ಈಗ ಪದದ ವಿಚಾರ. ‘ಬಿಲ್ಲೆ’ ಅಂದರೆ ಆಕಾರ ಗೊತ್ತಾಗುತ್ತದೆ, ಅಷ್ಟೇ. ಜವಾನರ ಎದೆಯ ಬಿಲ್ಲೆ, ಕುಂಟಾಬಿಲ್ಲೆ ಆಟದ ಹೆಂಚಿನ ಚೂರು, ಎಲ್ಲವೂ ಬಿಲ್ಲೆಯೇ. ‘ಪದಕ’ ಹಿಂದೆ ಕೊರಳಿನ ಒಡವೆ, ಈಗ ಕೇಳಿದ ಕೂಡಲೇ ಓಟದ ಪಂದ್ಯ, ಪೊಲೀಸ್ ಪದಕ ನೆನಪಾಗುತ್ತವೆ. ‘ತಾಯಿತ’ ಅಂತೂ ಬೇರೆಯೇ. ತಾಯಿತದ ಒಳಗೆ ಮಂತ್ರದ ತಗಡೋ ಬೇರೋ ಅಡಗಿರುತ್ತದೆ. ಇದರಲ್ಲಿ ಒಳಗೆ ಅನ್ನುವುದೇ ಇಲ್ಲ, ಇರುವುದೆಲ್ಲ ಮೇಲೇ ಕಾಣುವ ರೂಪ. ಅದಕ್ಕೇ ಅಜ್ಜಿಯ ಪದವೇ ಸರಿ ಅಂತ ನನಗೆ ಅನ್ನಿಸುತ್ತದೆ.

ಸುರುಪದ ಮೂಲ ‘ಸ್ವರೂಪ’ ಇರಬೇಕು ಅಂತ ನನ್ನ ಊಹೆ. ತಮಿಳು ಕ್ಯಾಥೊಲಿಕರು ಚರ್ಚಿನ ಪ್ರತಿಮೆಗೆ ‘ಸುರೂಪಂ’, ‘ಸೊರೂಪಂ’ ಅನ್ನುತ್ತಾರೆ. ಪ್ರತಿಮೆಯ ಪದವೇ ಪುಟ್ಟದಾಗಿ ಕೊರಳಿಗೆ ಇಳಿದಿರಬಹುದು. ಆದರೆ ‘ಸ್ವಲ್ಪ’ ನಮ್ಮ ಬಾಯಲ್ಲಿ ‘ಸೊಲ್ಪ’ ಆಗುತ್ತದೆ. ಆ ಲೆಕ್ಕಕ್ಕೆ ‘ಸೊರುಪ’ ಆಗಬೇಕಿತ್ತು ಅಲ್ವಾ? ಈ ‘ಸು’ ತಮಿಳಿನಿಂದ ಬಂತೋ, ಅಥವಾ ಒಳ್ಳೆಯ ರೂಪ ಅಂತ ‘ಸು’ ಸೇರಿಸಿ ನಮ್ಮವರೇ ಮಾಡಿಕೊಂಡರೋ?

ಜೊತೆಗೆ ಇನ್ನೊಂದು ಪದ. ಆ ಫ್ರೆಂಚ್ ಸಾಲಿನ ‘ಪಾಪವಿಲ್ಲದೆ ಗರ್ಭದಲ್ಲಿ ಮೂಡಿದ’ ಅನ್ನುವುದಕ್ಕೆ ನಮ್ಮ ಪ್ರಾರ್ಥನೆಗಳಲ್ಲಿ ‘ಅಮಲೋದ್ಭವಿ’ ಅಂತಿದೆ. ಮಲ ಅಂದರೆ ಕೊಳೆ, ಅಮಲ ಅಂದರೆ ಕೊಳೆಯಿಲ್ಲದ್ದು. ಅಮಲೋದ್ಭವಿ, ಅಂದರೆ ಗರ್ಭದಲ್ಲಿ ಮೂಡಿದಾಗಿನಿಂದಲೇ ಕಲೆ ಸೋಕದವಳು. ಯೇಸು ಕನ್ಯೆಯ ಹೊಟ್ಟೆಯಲ್ಲಿ ಹುಟ್ಟಿದ್ದನ್ನು ಈ ಪದ ಹೇಳುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಇದು ಮರಿಯಳು ತನ್ನ ತಾಯಿಯ ಗರ್ಭದಲ್ಲಿ ಮೂಡಿದ ಮಾತು. ಈ ಪದವನ್ನು ದಯವಿಟ್ಟು ಹಾಗೆಯೇ ಉಳಿಸಿಕೊಳ್ಳಿ, ಬಿಡಿಸಿ ಹೇಳಲು ಹೋದರೆ ಒಂದು ಸಾಲೇ ಬೇಕಾಗುತ್ತದೆ.

ನಿಮ್ಮ ಮನೆಯ ಹಿರಿಯರು ಕೊರಳಿನ ಇಂಥ ಬಿಲ್ಲೆಗೆ ಏನನ್ನುತ್ತಾರೆ? ಸುರುಪವೋ, ಸೊರುಪವೋ, ಬೇರೆಯದೋ? ಊರು ಯಾವುದು ಅಂತಲೂ ಜೊತೆಗೆ ಬರೆಯಿರಿ. ಕೇಳುವುದಾದರೆ ಈಗಲೇ ಕೇಳಿ, ಅವರ ಬಾಯಿಂದ ಬಂದ ಹಾಗೆಯೇ ಬರೆದುಕೊಳ್ಳಿ. ನಾನು ಅಜ್ಜಿ ಇದ್ದಾಗ ಕೇಳಲಿಲ್ಲ.